ನಿಮಿಷಕ್ಕೆ ನಲವತ್ತನಾಲ್ಕು

ನಾನು ಒಂದು ಮೆಟ್ರೊನೋಮ್. ಸಂಗೀತ ನುಡಿಸುವವರಿಗೆ ಟಿಕ್ ಟಿಕ್ ಎಂದು ಲಯ ಹೇಳಿಕೊಡುವ ಯಂತ್ರ. ಜರ್ಮನಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಒಬ್ಬ ಬಡಗಿ ನನಗೆ ಗೋಪುರದಂಥ ಮರದ ಮೈ ಮಾಡಿದ. ಇನ್ನೊಬ್ಬ ಹೊಟ್ಟೆಯೊಳಗೆ ಸ್ಪ್ರಿಂಗು ಕೂರಿಸಿ, ಎದೆಯ ಮೇಲೆ ತೂಗಾಡುವ ಕಡ್ಡಿ ನಿಲ್ಲಿಸಿದ. ಕಡ್ಡಿಯ ಮೇಲಿನ ತೂಕವನ್ನು ಕೆಳಗೆ ಜಾರಿಸಿದರೆ ಓಡುತ್ತೇನೆ, ಮೇಲೇರಿಸಿದರೆ ನಿಧಾನಿಸುತ್ತೇನೆ. ನನಗೆ ಬರುವುದು ಅಷ್ಟೇ. ಆದರೆ ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ಹುಟ್ಟಿನಿಂದಲೇ ಇತ್ತು.

ಒಬ್ಬ ಪಾದ್ರಿಯ ಪೆಟ್ಟಿಗೆಯಲ್ಲಿ ಕುಳಿತು ಹಡಗಿನಲ್ಲಿ ಮಂಗಳೂರಿಗೆ ಬಂದೆ. ಊರಿಗೆ ಮರಳುವಾಗ ಅವರು ನನ್ನನ್ನು ಪಾಸ್ಕಲ್ ಮಾಸ್ತರರ ಕೈಗಿಟ್ಟರು. ಮಾಸ್ತರರು ಪಿಟೀಲು ಕಲಿಸುತ್ತಿದ್ದರು. ಹದಿನಾಲ್ಕು ಜನರನ್ನು ಕೂಡಿಸಿ ಒಂದು ವಾದ್ಯವೃಂದವನ್ನೂ ಕಟ್ಟಿದ್ದರು. ಅವರಿಗೆ ಮನುಷ್ಯರಿಗಿಂತ ನನ್ನ ಮೇಲೆ ನಂಬಿಕೆ ಹೆಚ್ಚು. ಅವರ ಹೆಂಡತಿ ಸೆವ್ರಿನ್ ಬಾಯಿಗೆ ಮಾತ್ರ ನಾನೆಂದರೆ ಆಗದು. "ಅಡುಗೆಮನೆ ಹತ್ತಿರ ಇದನ್ನು ಇಡಬೇಡಿ. ಮಸಾಲೆ ಅರೆಯುವ ಕೈ ಇದರ ಹಿಂದೆಯೇ ಓಡುತ್ತದೆ" ಎನ್ನುತ್ತಿದ್ದರು.

ವೃಂದಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಮಾಸ್ತರರು ಒಂದು ಕ್ಲಾರಿನೆಟ್ ಕನ್ಚೆರ್ಟೊ ಆರಿಸಿದರು. ಒಬ್ಬ ಮುಂದೆ ನಿಂತು ನುಡಿಸುತ್ತಾನೆ, ಉಳಿದವರು ಅವನ ಹಿಂದೆ ಸಾಗುತ್ತಾರೆ. ಮೊದಲ ಮತ್ತು ಕೊನೆಯ ಭಾಗಗಳು ಕುಣಿಯುವಂಥವು. ನಡುವಿನದು ಪುಟ್ಟದು, ಬರೀ ಮೂರು ನಿಮಿಷದ್ದು. ಡಿ ಮೈನರ್ ಎಂಬ ದುಗುಡದ ಶ್ರುತಿ, ಬಹಳ ನಿಧಾನ, ಯಾರನ್ನೋ ಕಳಿಸಿಕೊಟ್ಟು ಬಾಗಿಲಲ್ಲೇ ನಿಂತವರ ದುಃಖ. ಸ್ವರಲಿಪಿಯ ಕಾಗದದ ತಲೆಯ ಮೇಲೆ ಅಚ್ಚಾಗಿತ್ತು: ನಿಮಿಷಕ್ಕೆ ನಲವತ್ತನಾಲ್ಕು ಏಟು.

ಮುಂದೆ ನಿಲ್ಲಬೇಕಾದವರು ವೃಂದದಲ್ಲೇ ಇದ್ದ ಬೋಳಾರದ ಸಂಜೀವ ಕರ್ಕೇರರು. ಮದುವೆ ಬ್ಯಾಂಡುಗಳಲ್ಲಿ ಮೂವತ್ತು ವರ್ಷ ಊದಿದವರು, ವಯಸ್ಸು ಅರವತ್ತೊಂದು. ಕುಣಿಯುವ ಭಾಗಗಳನ್ನು ನೀರು ಕುಡಿದಂತೆ ನುಡಿಸಿದರು. ನಡುವಿನದಕ್ಕೆ ಬಂದಾಗ ಮೂರನೆಯ ಸಾಲಿನ ಉದ್ದನೆಯ ಸ್ವರದಲ್ಲಿ ಉಸಿರು ಕೈಕೊಟ್ಟಿತು. ಮಾಸ್ತರರು ನನ್ನ ಕಡೆ ಬೆರಳು ತೋರಿಸಿದರು. "ನಲವತ್ತನಾಲ್ಕು ಎಂದರೆ ನಲವತ್ತನಾಲ್ಕು."

ಸಂಜೀವರು ಮುಂದಿನ ಭಾನುವಾರ ನನ್ನನ್ನು ಇಟ್ಟಿದ್ದ ಅಭ್ಯಾಸದ ಕೋಣೆಗೆ ಎಲ್ಲರಿಗಿಂತ ಮೊದಲು ಬಂದು, ಬಾಗಿಲು ಮುಂದೆ ಮಾಡಿ, ನನ್ನ ಹೊಟ್ಟೆ ತೆರೆದರು. ಕಡ್ಡಿಯ ಬುಡದಲ್ಲಿ ಹೊರಗೆ ಕಾಣದ ಇನ್ನೊಂದು ತೂಕವಿದೆ. ಅದಕ್ಕೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡೊಂದನ್ನು ಮೇಣದಿಂದ ಅಂಟಿಸಿ, ಮುಚ್ಚಿ, "ಕ್ಷಮಿಸು ಮಾರಾಯ" ಎಂದರು. ಬುಡ ಭಾರವಾದರೆ ನನ್ನ ಓಟ ಜೋರಾಗುತ್ತದೆ. ಎದೆಯ ಮೇಲಿನ ಅಂಕಿ ನಲವತ್ತನಾಲ್ಕು, ಬಾಯಲ್ಲಿ ಐವತ್ತಾರು. ಟಿಕ್ ಎಂದಾಗಲೆಲ್ಲ ನಾಚಿಕೆಯಾಗುತ್ತಿತ್ತು, ಆದರೆ ಟಿಕ್ ಬಿಟ್ಟರೆ ಬೇರೆ ಮಾತು ನನಗೆಲ್ಲಿದೆ?

ದುಃಖ ಈಗ ಬಸ್ಸು ತಪ್ಪೀತೆಂಬ ಅವಸರದಲ್ಲಿ ನಡೆಯತೊಡಗಿತು. ಸಂಜೀವರ ಉಸಿರು ಸಾಲುತ್ತಿತ್ತು. ಮಾಸ್ತರರು ಮಾತ್ರ ನನ್ನನ್ನು ನೋಡುವುದು, ತಮ್ಮ ನಾಡಿ ಹಿಡಿದುಕೊಳ್ಳುವುದು, ಮತ್ತೆ ನನ್ನನ್ನು ನೋಡುವುದು. ನಾನು ತಪ್ಪಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ತಮ್ಮೊಳಗೇ ಏನೋ ಕೆಟ್ಟಿದೆ ಎಂದುಕೊಂಡು ಡಾಕ್ಟರ ಬಳಿ ಹೋದರು. ಡಾಕ್ಟರಿಗೂ ಏನೂ ತಿಳಿಯದೆ, ಉಪ್ಪು ಬಿಡಿ ಎಂದರು.

ಕಾರ್ಯಕ್ರಮಕ್ಕೆ ಎಂಟು ದಿನವಿರುವಾಗ ಮಾಸ್ತರರು ವೃಂದಕ್ಕೆ ಲಯ ತೋರಿಸುವ ಕೋಲನ್ನು ಕೆಳಗಿಟ್ಟರು. "ನನ್ನ ಲಯ ಹೋಯಿತು. ಬೇರೆ ಯಾರನ್ನಾದರೂ ನಿಲ್ಲಿಸಿ" ಎಂದು ಮನೆಗೆ ನಡೆದರು.

ಅಂದೇ ಸಂಜೆ ಸಂಜೀವರು ಕೈಯಲ್ಲಿ ಕ್ಲಾರಿನೆಟ್ ಹಿಡಿದು, ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಮಾಸ್ತರರ ಮನೆಗೆ ಹೋದರು.

"ಮಾಸ್ಟ್ರೇ, ನಿಮಗೆ ಎಂತದ್ದೂ ಆಗಲಿಲ್ಲ. ಆದದ್ದು ಇದಕ್ಕೆ."

"ಇದಕ್ಕೆ ಎಂತ ಆಗುವುದು?"

ಸಂಜೀವರು ಸೀಸದ ಗುಂಡನ್ನು ಕಿತ್ತು ಮೇಜಿನ ಮೇಲಿಟ್ಟರು. "ನನಗೆ ಶ್ವಾಸ ಸಾಲುವುದಿಲ್ಲ. ಹೇಳಲಿಕ್ಕೆ ನಾಚಿಕೆ ಆಯಿತು."

ಮಾಸ್ತರರು ಗುಂಡನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ಸೆವ್ರಿನ್ ಬಾಯಿ ಅಡುಗೆಮನೆಯಿಂದ ಬಂದರು. "ಮೂರು ವಾರದಿಂದ ಈ ಮನೆಯಲ್ಲಿ ಉಪ್ಪಿಲ್ಲದ ಮೀನು ಸಾರು. ಈ ಗುಂಡಿಗಾಗಿಯಾ?" ಎಂದು ಕೇಳಿ, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು.

ಮಾಸ್ತರರು ನಗಲಿಲ್ಲ. "ನುಡಿಸಿ" ಎಂದರು. ಸಂಜೀವರು ನನ್ನ ನಿಜವಾದ ನಲವತ್ತನಾಲ್ಕಕ್ಕೆ ನುಡಿಸಿದರು. ಮೂರನೆಯ ಸಾಲಿನಲ್ಲಿ ಮುಖ ಕೆಂಪೇರಿತು, ಸ್ವರ ನಡುಗಿ ನಿಂತಿತು. ಇನ್ನೊಮ್ಮೆ, ಅಲ್ಲೇ. ಆಗ ಮಾಸ್ತರರು ನನ್ನ ಕಡ್ಡಿಯ ಮೇಲೆ ಬೆರಳಿಟ್ಟು ನನ್ನನ್ನೇ ನಿಲ್ಲಿಸಿದರು.

"ಉಸಿರು ಬೇಕಾದಲ್ಲಿ ತೆಗೆದುಕೊಳ್ಳಿ. ನಾವು ನಿಮ್ಮ ಹಿಂದೆ ಬರುತ್ತೇವೆ."

"ನಿಮಿಷಕ್ಕೆ ಎಷ್ಟರಲ್ಲಿ?"

"ಯಾರಿಗೆ ಗೊತ್ತು" ಎಂದರು ಮಾಸ್ತರರು. ಅವರ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಕಾರ್ಯಕ್ರಮದ ದಿನ ನನ್ನನ್ನು ವೇದಿಕೆಯ ಮೂಲೆಯಲ್ಲಿ ಮುಚ್ಚಳ ಹಾಕಿ ಇಟ್ಟಿದ್ದರು. ಅಭ್ಯಾಸಬಲದಿಂದ ಒಳಗೇ ಎಣಿಸಿದೆ. ನಲವತ್ತೆಂಟು, ನಲವತ್ತಮೂರು, ಐವತ್ತು. ಯಾವ ಲೆಕ್ಕಕ್ಕೂ ಸಿಗಲಿಲ್ಲ. ಮೂರನೆಯ ಸಾಲಿನ ನಡುವೆ ಸಂಜೀವರು ನಿಂತು ಉಸಿರೆಳೆದರು. ಹದಿಮೂರು ವಾದ್ಯಗಳು ಹಾಗೇ ಕಾದವು. ಮಾಸ್ತರರ ಕೋಲು ಗಾಳಿಯಲ್ಲಿ ನಿಂತಿತ್ತು. ಸಭೆಯ ಮುಂದಿನ ಸಾಲಿನ ಹೆಂಗಸೊಬ್ಬಳು ಬೀಸಣಿಗೆ ಬೀಸುವುದನ್ನು ಮರೆತಳು. ಮತ್ತೆ ಸ್ವರ ಎದ್ದಾಗ ನಾನು ಎಣಿಸುವುದನ್ನು ಬಿಟ್ಟಿದ್ದೆ.

ಈಗ ನನ್ನ ಸ್ಪ್ರಿಂಗು ತುಂಡಾಗಿದೆ. ಮಾಸ್ತರರ ಮನೆಯ ಗಾಜಿನ ಕಪಾಟಿನಲ್ಲಿ ಕುಳಿತಿದ್ದೇನೆ. ಬಂದವರು ನಿಂತುಹೋದ ಗಡಿಯಾರವೆಂದು ತಿಳಿದು ಅಯ್ಯೋ ಎನ್ನುತ್ತಾರೆ. ವರ್ಷಕ್ಕೊಮ್ಮೆ ಸಂಜೀವರು ಬಂದು ಆ ಮೂರು ನಿಮಿಷದ್ದನ್ನು ನುಡಿಸುತ್ತಾರೆ. ಉಸಿರು ಇನ್ನೂ ಗಿಡ್ಡವಾಗಿದೆ, ನಿಲ್ಲುವ ಜಾಗಗಳು ಹೆಚ್ಚಾಗಿವೆ. ಕಳೆದ ಸಲ ಮುಗಿದ ಮೇಲೆ ಮಾಸ್ತರರು ಕೇಳಿದರು, "ಎಷ್ಟು ಹೊತ್ತು ಹಿಡಿಯಿತು?"

ಸೆವ್ರಿನ್ ಬಾಯಿ ಲೋಟ ಮುಟ್ಟಿ ನೋಡಿದರು. "ಕಾಫಿ ಆರುವಷ್ಟು."

ಹೊತ್ತನ್ನು ಹಾಗೆಯೂ ಅಳೆಯಬಹುದೆಂದು ಈ ವಯಸ್ಸಿನಲ್ಲಿ ಕಲಿತೆ.