ದಿಬ್ಬಣದ ಲಾರಿ

ಮಸ್ಕಿಯಿಂದ ಸಿಂಧನೂರಿಗೆ ಹಿಂದೆಲ್ಲ ದಿಬ್ಬಣಗಳು ಬಂಡಿಯಲ್ಲೇ ಹೋಗುತ್ತಿದ್ದವು. ೧೯೫೩ರ ಬೇಸಿಗೆಯಲ್ಲಿ ಕಿರಾಣಿ ಸಾವುಕಾರ ಅಮರಗುಂಡಪ್ಪ ಮಗಳ ದಿಬ್ಬಣವನ್ನು ಸ್ವಂತ ಲಾರಿಯಲ್ಲಿ ಒಯ್ಯುತ್ತೇನೆ ಎಂದಾಗ ಓಣಿಗೆ ಓಣಿಯೇ ಹುರುಪುಗೊಂಡಿತು. ಹೆಂಗಸರು ಲಾರಿ ತೊಳೆದು, ಮೂತಿಗೆ ವಿಭೂತಿ ಬಳಿದು, ಬಾಳೆಕಂಬ ಕಟ್ಟಿದರು. ಮಕ್ಕಳು ನಸುಕಿನಲ್ಲೇ ಹತ್ತಿ ಜಾಗ ಹಿಡಿದು ಕೂತವು.

ಚಾಲಕ ಮೈಲಾರಲಿಂಗಪ್ಪ ಮಾತ್ರ ಇನ್ನೂ ಮನೆ ಬಿಟ್ಟಿರಲಿಲ್ಲ. ಹೆಂಡತಿ ಯಮನೂರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕಣ್ಣು ತಿಳಿಯಾಗೋತನಕ ಲಾರಿ ಮುಟ್ಟಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಮರ್ತೀರೇನು?"

ಆ ವರ್ಷ ಅವನಿಗೆ ಎಷ್ಟು ಕುಡಿದರೂ ತೀರದ ನೀರಡಿಕೆ ಹತ್ತಿತ್ತು. ಮೈ ಇಳಿದು ಅಂಗಿ ಜೋತಾಡುತ್ತಿತ್ತು. ಲಿಂಗಸುಗೂರಿನ ದವಾಖಾನೆಯಲ್ಲಿ ಮೂತ್ರ ಪರೀಕ್ಷಿಸಿ, ಸಕ್ಕರೆ ಕಾಯಿಲೆ ಎಂದು ದಿನಾ ಸೂಜಿ ಹಾಕಿಸಿಕೊಳ್ಳಲು ಹೇಳಿದ್ದರು. ಸೂಜಿ ಶುರುವಾದ ಮೇಲೆ ನೀರಡಿಕೆ ಇಳಿಯಿತು, ಮೈಗೆ ಕಸುವು ಬಂತು. ಆದರೆ ಕಣ್ಣು ಮಂಜಾಯಿತು. ಗಾಬರಿಯಿಂದ ಮತ್ತೆ ದವಾಖಾನೆಗೆ ಓಡಿದವನಿಗೆ ಡಾಕ್ಟರು ಬಿಡಿಸಿ ಹೇಳಿದ್ದರು: ರಕ್ತದಲ್ಲಿ ಸಕ್ಕರೆ ಇಳಿಯುವಾಗ ಕೆಲವರಿಗೆ ಹೀಗಾಗುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಸೂಜಿ ಮಾತ್ರ ಬಿಡಬಾರದು.

"ಕಣ್ಣು ಮಂಜು ಅಂದ್ರ ಸಾವುಕಾರ್ರು ನಾಳೆನ ಬ್ಯಾರೆ ಡ್ರೈವರ್‌ನ ಇಡ್ತಾರ," ಎಂದ ಮೈಲಾರಲಿಂಗಪ್ಪ. "ರೋಗದವ ಅಂತ ಊರೆಲ್ಲ ಹೆಸರಾಗ್ತೈತಿ. ಈ ದಾರಿ ನಂಗ ಕಣ್ಣು ಮುಚ್ಚಿದ್ರೂ ಗೊತ್ತೈತಿ."

"ದಾರಿ ಗೊತ್ತೈತಿ. ದಾರ್ಯಾಗ ಎದುರು ಬರೋ ಮಂದಿ ಗೊತ್ತೈತೇನು?"

ಅವನು ಅವಳನ್ನು ಬಳಸಿ ಹೊರಬಿದ್ದ.

ಲಾರಿ ಹೊರಟಾಗ ಬಾಜಾ ಮೊಳಗಿತು. ಮದುಮಗಳು ಕಲ್ಯಾಣಮ್ಮ ಹಿಂದೆ ಹೆಂಗಸರ ನಡುವೆ ಜಮಖಾನೆಯ ಮೇಲೆ ಕೂತಿದ್ದಳು. ಹಾಡು, ನಗು, ಗಾಳಿಗೆ ಹಾರುವ ಸೆರಗು. ಅಮರಗುಂಡಪ್ಪ ಮುಂದಿನ ಸೀಟಿನಲ್ಲಿ ಮೀಸೆ ತೀಡುತ್ತ, ದಾರಿಬದಿಯ ಊರುಗಳಲ್ಲಿ ನಿಂತು ನೋಡುವವರಿಗೆಲ್ಲ ಕೈಯೆತ್ತುತ್ತಿದ್ದ. "ಇನ್ನೊಂಚೂರು ಜೋರು ಬಿಡಪ," ಎಂದ.

ಸಿಂಧನೂರು ಇನ್ನೆರಡು ಹರದಾರಿ ಇತ್ತು. ಬಿಸಿಲೇರಿ ರಸ್ತೆ, ಹೊಲ, ಧೂಳು ಎಲ್ಲ ಒಂದೇ ಬಣ್ಣವಾಗಿ ಮೈಲಾರಲಿಂಗಪ್ಪನ ಕಣ್ಣಿಗೆ ಕಲಸಿಹೋಗಿದ್ದವು. ಒಮ್ಮೆಲೇ ಆ ಧೂಳಿನಲ್ಲಿ ಏನೋ ಅಲುಗಿದಂತಾಯಿತು. ಅವನು ಇದ್ದ ಬಲವೆಲ್ಲ ಹಾಕಿ ಬ್ರೇಕು ತುಳಿದ. ಹಾಡು ಚೀರಾಟವಾಯಿತು. ಲಾರಿ ಕಿರುಚುತ್ತ ನಿಂತಾಗ, ಒಣ ಜೋಳದ ದಂಟು ಹೇರಿದ ಬಂಡಿಯೊಂದು ಅದರ ಮೂತಿಗೆ ಒಂದು ಗೇಣು ದೂರದಲ್ಲಿತ್ತು.

ಬಂಡಿಯ ಆದೆಪ್ಪ ಬಾರುಕೋಲು ಹಿಡಿದೇ ಓಡಿಬಂದ. "ಏನಲೇ, ಇಷ್ಟು ದೊಡ್ಡ ಬಂಡಿ ಕಾಣಲಿಲ್ಲೇನು ನಿಂಗ?"

"ಕಾಣಲಿಲ್ಲ," ಎಂದ ಮೈಲಾರಲಿಂಗಪ್ಪ.

ಇಂಜಿನ್ ಆರಿಸಿ ಕೆಳಗಿಳಿದ. ಕೀಲಿಯನ್ನು ಅಮರಗುಂಡಪ್ಪನ ಮುಂದೆ ಹಿಡಿದು ಎಲ್ಲವನ್ನೂ ಹೇಳಿದ. "ಇನ್ನ ಒಂದು ಮಾರು ಸೈತ ನಾ ಓಡಿಸಂಗಿಲ್ರೀ. ಮೊದಲ ಹೇಳಬೇಕಿತ್ತು."

"ಮುಹೂರ್ತ ಎದಿ ಮ್ಯಾಲ ಬಂದೈತಿ, ಈಗ ಹೇಳ್ತಿಯೇನು?" ಅಮರಗುಂಡಪ್ಪನ ಮುಖ ಕೆಂಪಾಯಿತು. "ಬೀಗರ ಮುಂದ ನನ್ನ ಮರ್ಯಾದಿ ಏನಾಗಬೇಕು? ಮೆಲ್ಲಕ ಬಿಡು, ನಾ ಬಾಜೂಕ ಕುಂತು ದಾರಿ ಹೇಳ್ತೀನಿ."

"ಬ್ಯಾಡ್ರೀ. ಮ್ಯಾಲ ಕೂಸುಗಳದಾವ."

ಅಷ್ಟರಲ್ಲಿ ಕಲ್ಯಾಣಮ್ಮ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದು ಲಾರಿಯಿಂದ ಇಳಿದು ಬಂದಳು. "ಅಪ್ಪಾ, ಕಾಕಾ ನಿಲ್ಲಿಸ್ಯಾನ, ಅದಕ್ಕ ನಾವೆಲ್ಲ ಇನ್ನೂ ಜೀವಂತ ಅದೀವಿ," ಎಂದಳು. ಆಮೇಲೆ ಆದೆಪ್ಪನ ಕಡೆ ತಿರುಗಿದಳು. "ಅಣ್ಣಾ, ನಿನ್ನ ಎತ್ತು ಓಡ್ತಾವೇನು?"

ಆದೆಪ್ಪ ಬಾರುಕೋಲು ಕೆಳಗಿಳಿಸಿದ. "ಏನವ್ವಾ ಹಾಂಗ ಕೇಳ್ತಿ. ಓಡೂದ ನೋಡು."

ಅವನ ಹಿಂದೆ ಇನ್ನೂ ನಾಲ್ಕಾರು ಬಂಡಿಗಳಿದ್ದವು. ದಂಟಿನ ಸಿವುಡುಗಳು ದಾರಿಬದಿಗೆ ಉರುಳಿದವು. ದಿಬ್ಬಣದ ಗಂಡಸರೂ ಧೋತರ ಎತ್ತಿಕಟ್ಟಿ ಇಳಿಸಲು ನಿಂತರು. ಜಮಖಾನೆ ಬಂಡಿಗೇರಿತು, ಮದುಮಗಳು ಏರಿದಳು, ಬಾಜಾದವರು ಏರಿದರು. ಆದೆಪ್ಪ ಎತ್ತಿನ ಬಾಲ ತಿರುವಿದ್ದೇ ತಡ, ಬಂಡಿಗಳು ಒಂದನ್ನೊಂದು ಹಿಂದೆ ಹಾಕಲು ಹೊರಟವು. ಗೆಜ್ಜೆ ಸದ್ದಿಗೆ ಮಕ್ಕಳು ಕುಣಿದವು. ಮುದುಕಿಯರೂ ಗೂಟ ಹಿಡಿದುಕೊಂಡು, "ಬಿಡಬ್ಯಾಡ, ಮುಂದ ಹೊಡಿ," ಎಂದು ಹುರಿದುಂಬಿಸಿದರು. ಮೀಸೆಯ ತುಂಬ ಧೂಳು ಮೆತ್ತಿಕೊಂಡ ಅಮರಗುಂಡಪ್ಪ ಎದ್ದು ನಿಂತು ತಾನೇ ಎತ್ತುಗಳಿಗೆ ಕೂಗು ಹಾಕತೊಡಗಿದ.

ಮುಹೂರ್ತಕ್ಕೆ ತುಸು ಮೊದಲೇ ಅವರು ಸಿಂಧನೂರು ಮುಟ್ಟಿದರು. ಲಾರಿ ಎಲ್ಲಿ ಎಂದು ಬೀಗರು ಕೇಳಿದಾಗ ಅಮರಗುಂಡಪ್ಪ ಮೀಸೆಯ ಧೂಳು ಒರೆಸಿಕೊಂಡ.

"ನಮ್ಮ ಡ್ರೈವರಿಗೆ ಕಣ್ಣು ಸರಿ ಇದ್ದಿಲ್ರೀ. ಲಾರಿ ನಿಲ್ಲಿಸಿಬಿಟ್ಟ. ಅವ ನಿಲ್ಲಿಸಿದ್ದಕ್ಕ ನಾವಿಷ್ಟು ಮಂದಿ ಇಲ್ಲಿ ನಿಂತೀವಿ."

ಮೈಲಾರಲಿಂಗಪ್ಪ ಲಾರಿ ಕಾಯುತ್ತ ಅಲ್ಲೇ ಕೂತಿದ್ದ. ಸಂಜೆ ಮುಂದೆ ಅದನ್ನು ಒಯ್ಯಲು ಸಾವುಕಾರ ಕಳಿಸಿದ್ದು ಮಸ್ಕಿಯ ಇನ್ನೊಬ್ಬ ಚಾಲಕ ಉಸ್ಮಾನ್‌ಸಾಬನನ್ನು. "ಕಣ್ಣು ಬರೋತನಕ ಅಂಗಡ್ಯಾಗ ಕುಂಡರಬೇಕಂತ ನೀ. ಸಾವುಕಾರ್ರು ಹೇಳ್ಯಾರ," ಎಂದ ಉಸ್ಮಾನ್‌ಸಾಬ್. ಕೀಲಿ ತಿರುವುವ ಮುನ್ನ ತಡೆದು ಕೇಳಿದ, "ನಿಂಗ ಮೊದಲಿಗೆ ಹ್ಯಾಂಗ ಶುರುವಾತು?"

ಮೈಲಾರಲಿಂಗಪ್ಪ ನೀರಡಿಕೆಯ ಮಾತು ಹೇಳಿದ. ಉಸ್ಮಾನ್‌ಸಾಬ್ ರಸ್ತೆಯನ್ನೇ ನೋಡುತ್ತ, "ನಂಗೂ ಹಾಂಗ ಐತಿ. ಯಾರ ಮುಂದೂ ಅಂದಿಲ್ಲ," ಎಂದ. ಆ ವಾರವೇ ಇಬ್ಬರೂ ಕೂಡಿ ಲಿಂಗಸುಗೂರಿಗೆ ಹೋದರು. ಉಸ್ಮಾನ್‌ಸಾಬನಿಗೂ ಸೂಜಿ ಶುರುವಾಯಿತು.

ಮುಂದೊಂದು ಮುಂಜಾನೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ ಮೈಲಾರಲಿಂಗಪ್ಪ ತಲೆಯೆತ್ತಿದಾಗ ಗುಡ್ಡದ ಬಂಡೆಗಳು ಬೇರೆಬೇರೆಯಾಗಿ ಕಂಡವು. ಬಂಡೆಯ ಮೇಲಿನ ಆಡುಗಳೂ ಕಂಡವು. "ಯಮನೂರೀ, ಬಾ ಇಲ್ಲೆ," ಎಂದು ಕೂಗಿದ. ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಕರೇ ಆಡು ಎಲ್ಲೈತಿ ಹೇಳ್ರಿ."

"ತುದಿಗೈತಿ. ಕುಂಟಾಕತ್ತೈತಿ ನೋಡು."

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಮುಖಕ್ಕೆಲ್ಲ ಹಿಟ್ಟಾಯಿತು.

ಅವನು ದವಾಖಾನೆಗೆ ಹೋಗಿ ಕಣ್ಣು ತೋರಿಸಿ, ಲಾರಿ ಓಡಿಸಬಹುದು ಎಂಬ ಮಾತು ಪಡೆದು ಮರಳಿದವನೇ ನೇರವಾಗಿ ಲಾರಿಗಳು ನಿಲ್ಲುವ ಬೇವಿನ ಮರದ ಕಡೆ ನಡೆದ. ಉಸ್ಮಾನ್‌ಸಾಬ್ ಶೇಂಗಾ ಚೀಲ ಹೇರಿದ ಸಾವುಕಾರನ ಲಾರಿಯಲ್ಲಿ ಕೀಲಿ ಹಿಡಿದು ಸುಮ್ಮನೆ ಕೂತಿದ್ದ.

"ಮೊನ್ನಿಯಿಂದ ಮಂಜು ಮಂಜು ಕಾಣಾಕತ್ತೈತಿ," ಎಂದ ತಗ್ಗಿದ ದನಿಯಲ್ಲಿ. "ಸೂಜಿ ಬಿಟ್ಟುಬಿಡ್ತೀನಿ."

"ಬಿಡಬ್ಯಾಡ. ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ. ನನ್ನ ಕಣ್ಣು ನೋಡು, ಈಗ ಹ್ಯಾಂಗದಾವ."

ಉಸ್ಮಾನ್‌ಸಾಬ್ ಬಹಳ ಹೊತ್ತು ಅವನ ಮುಖವನ್ನೇ ನೋಡಿದ. ಆಮೇಲೆ ಕೀಲಿಯನ್ನು ಅವನ ಕೈಗಿಟ್ಟು, ಪಕ್ಕದ ಸೀಟಿಗೆ ಸರಿದು ಕೂತ.