ಸುಗುಣ ಎಲ್ಲಿ ದಾಟಿದಳು?

ಬೀಜಾಡಿಯ ಕಡಲತೀರದಲ್ಲಿ ಹಾಕಿದ್ದ ಶಾಮಿಯಾನದೊಳಗೆ ಸುಗುಣ ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅವಳನ್ನು ಕಂಡಾಗ ಸ್ನೇಹಲತಾಗೆ ಮೊದಲು ಅನಿಸಿದ್ದು, ಪಾಪ, ಮಂಡಿ ನೋವು ತಾಳಲಾರದೆ ಓಟ ಬಿಟ್ಟು ಯಾವುದೋ ಗಾಡಿ ಹತ್ತಿ ಬಂದಿದ್ದಾಳೆ ಎಂದು. ಬೆವರು ಒರೆಸಿಕೊಳ್ಳುತ್ತ ಹತ್ತಿರ ಹೋದಳು. ಸುಗುಣಳ ಕೊರಳಲ್ಲಿ ಪದಕವಿತ್ತು. ಓಟ ಮುಗಿಸಿದವರಿಗೆ ಮಾತ್ರ ಕೊಡುವ ಪದಕ.

"ನೀ ಯಾವಾಗ ಬಂದದ್ದ್?"

"ಈಗ, ಒಂಚೂರ್ ಮುಂಚೆ," ಎಂದಳು ಸುಗುಣ. ಕಿತ್ತಳೆಯಿಂದ ಕಣ್ಣೆತ್ತಲಿಲ್ಲ.

ತ್ರಾಸಿಯಿಂದ ಬೀಜಾಡಿಗೆ ಇಪ್ಪತ್ತೊಂದು ಕಿಲೋಮೀಟರಿನ ಆ ಹಾಫ್ ಮ್ಯಾರಥಾನಿಗೆಂದು ಇಬ್ಬರೂ ಮಳೆಗಾಲ ಮುಗಿದಾಗಿನಿಂದ ಒಟ್ಟಿಗೇ ಓಡಿ ಅಭ್ಯಾಸ ಮಾಡಿದ್ದರು. ಸ್ನೇಹಲತಾಳ ಗಂಡ ಶೈಲೇಶ್ ಕುಂದಾಪುರದಲ್ಲಿ ಹೋಟೆಲು ನಡೆಸುತ್ತಿದ್ದ. ಸುಗುಣಳದು ಕೋಟೇಶ್ವರದಲ್ಲಿ ದಿನಸಿ ಅಂಗಡಿ. ಊರಿನ ಓಟಗಾರರ ಗುಂಪಿನಲ್ಲಿ ಪರಿಚಯವಾದವರು ಈಗ ಒಬ್ಬರ ಮನೆಯ ಮೀನುಸಾರು ಇನ್ನೊಬ್ಬರ ಮನೆಗೆ ಹೋಗುವಷ್ಟು ಹತ್ತಿರವಾಗಿದ್ದರು. ಓಟದ ದಿನವೂ ಹೆಮ್ಮಾಡಿಯವರೆಗೆ ಜೊತೆಗೇ ಇದ್ದರು. ಅಲ್ಲಿ ಸುಗುಣ ಮಂಡಿ ಹಿಡಿದುಕೊಂಡು ನಿಂತಳು. "ನೀ ಹೋಗ್ ಮಾರಾಯ್ತಿ. ನಾ ನಡ್ಕಂಡಾರೂ ಬತ್ತೆ," ಎಂದಳು. ಸ್ನೇಹಲತಾ ಮುಂದೆ ಓಡಿದಳು. ಆಮೇಲೆ ಸುಗುಣ ಅವಳ ಕಣ್ಣಿಗೆ ಬಿದ್ದದ್ದು ಈ ಕುರ್ಚಿಯಲ್ಲೇ.

ಇಪ್ಪತ್ತೊಂದು ಕಿಲೋಮೀಟರು ಓಡಿದ ಹೆಂಗಸರೇ ಕಡಿಮೆ. ಮೈಕಿನಲ್ಲಿ ಮಹಿಳೆಯರ ವಿಭಾಗದ ಮೂರನೆಯ ಸ್ಥಾನಕ್ಕೆ ಸುಗುಣಳ ಹೆಸರು ಕರೆದರು. ನಾಲ್ಕನೆಯವಳು ಸ್ನೇಹಲತಾ. ನಾಲ್ಕನೆಯವರಿಗೆ ಏನೂ ಇರಲಿಲ್ಲ. ಅವಳು ಚಪ್ಪಾಳೆ ತಟ್ಟಿದಳು.

ಆ ಬೆಳಿಗ್ಗೆ ಗುಂಪಿನವರ ತಿಂಡಿ ಶೈಲೇಶನ ಹೋಟೆಲಿನಲ್ಲೇ. ಅಂಗಡಿ ಬಾಗಿಲು ತೆಗೆಯಬೇಕೆಂದು ಹೇಳಿ ಸುಗುಣ ಬರಲಿಲ್ಲ. ಎರಡು ಮೇಜು ಜೋಡಿಸಿ ಕೂತವರಿಗೆಲ್ಲ ಹೇಳಲು ಏನಾದರೊಂದು ಇತ್ತು. ಒಬ್ಬನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ತಲ್ಲೂರಿನಲ್ಲಿ ನೀರು ಖಾಲಿಯಾಗಿತ್ತೆಂದು ಇನ್ನೊಬ್ಬನಿಗೆ ಸಿಟ್ಟು. ಗುಂಪಿನಲ್ಲೇ ವೇಗದ ಓಟಗಾರ ಕೀರ್ತನ್ ಕೈಗಡಿಯಾರ ತೋರಿಸಿ ದಾರಿಯೇ ಗಿಡ್ಡ ಇತ್ತು ಎಂದು ವಾದಿಸಿದ. ನಿವೃತ್ತ ದೈಹಿಕ ಶಿಕ್ಷಕ ಚಂದಯ್ಯ ಮಾಸ್ಟ್ರು, "ಹಾಂಗಾರೆ ನಿನ್ನ ಟೈಮೂ ಸುಳ್ಳೇ ಅಲ್ದಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಆ ನಗು ಮುಗಿಯುವ ಮೊದಲೇ ಕೀರ್ತನ್ ಸ್ನೇಹಲತಾಳ ಕಡೆ ತಿರುಗಿದ.

"ಅದಿರ್ಲಿ. ಸ್ನೇಹಕ್ಕ, ಸುಗುಣಕ್ಕ ನಿಮ್ಮನ್ನ ಎಲ್ಲಿ ದಾಟಿದ್ರ್?"

"ನಾ ಕಾಣ್ಲಿಲ್ಲ."

"ನೀವ್ ಎಲ್ಲಾರೂ ನಿಂತಿದ್ರ್ಯಾ?"

"ಇಲ್ಲಪ್ಪ. ಎಲ್ಲೂ ನಿಲ್ಲಲಿಲ್ಲ."

ಅದು ನಿಜವಲ್ಲ. ಕುಂದಾಪುರ ಕಳೆದು ಹಂಗಳೂರು ದಾಟುವಾಗ, ಮುಚ್ಚಿದ್ದ ಎಳನೀರು ಬೊಂಡದ ಗೂಡಂಗಡಿಯ ಹಿಂದೆ ಹೋಗಿ ಅವಳು ವಾಂತಿ ಮಾಡಿದ್ದಳು. ತಿಂಡಿಯ ತಟ್ಟೆಗಳ ಮುಂದೆ, ಗಂಡನ ಗಿರಾಕಿಗಳ ನಡುವೆ ಅದನ್ನು ಹೇಗೆ ಹೇಳುವುದು? ಅಲ್ಲಿ ನಿಂತದ್ದಾದರೂ ಎಷ್ಟು ಹೊತ್ತು? ಹೆಚ್ಚೆಂದರೆ ಒಂದು ನಿಮಿಷ. ಕುಂಟುತ್ತಿದ್ದವಳು ಅಷ್ಟರಲ್ಲಿ ದಾಟಿಹೋಗಲು ಸಾಧ್ಯವೇ ಇರಲಿಲ್ಲ.

"ಮಂಡಿ ನೋವಿದ್ದವ್ರ್, ನಿಲ್ಲದೆ ಓಡಿದವ್ರಿಗಿಂತ ಮುಂಚೆ ಬಂದ್ರ್. ಹ್ಯಾಂಗೆ?" ಎಂದ ಕೀರ್ತನ್. "ಅವ್ರ ಮೈದ್ನ ಮಂಜನ ಆಟೋ ಕುಂದಾಪ್ರದಂಗೆ ರಸ್ತೆ ಬದಿಯಂಗೆ ನಿಂತಿತ್ತ್. ನಾನೇ ಕಂಡಿದ್ದೆ."

"ಕಣ್ಣಾರೆ ಕಾಣ್ದೆ ಹಾಂಗೆಲ್ಲ ಹೇಳುಕಾಗ," ಎಂದರು ಮಾಸ್ಟ್ರು. ಸ್ನೇಹಲತಾ ಚಟ್ನಿಯ ಬಟ್ಟಲನ್ನು ಆಚೆ ಸರಿಸಿದಳು. ಅವಳು ಹೌದೆನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಮರುದಿನದಿಂದ ಆ ಬೆಳಗಿನ ಒಂದೊಂದೇ ಸಂಗತಿ ಅವಳ ಮನಸ್ಸಿನಲ್ಲಿ ಬೇರೆ ಬಣ್ಣ ಪಡೆಯತೊಡಗಿತು. ಶಾಮಿಯಾನದಲ್ಲಿ ಸುಗುಣಳ ಜಡೆ ಒಂಚೂರೂ ಕೆದರಿರಲಿಲ್ಲವಲ್ಲ? ಅಂಗಿಯ ಮೇಲೆ ಬೆವರಿನ ಉಪ್ಪಿನ ಕಲೆ ಇತ್ತೇ? ಕಾಲಲ್ಲಿ ಬೂಟಿನ ಬದಲು ಚಪ್ಪಲಿ ಇತ್ತು, ಅದೆಲ್ಲಿಂದ ಬಂತು? ಸಂಘಟಕರು ಹಾಕಿದ್ದ ಫೋಟೋಗಳನ್ನೆಲ್ಲ ಹುಡುಕಿ, ತಲ್ಲೂರಿನ ನಂತರ ಸುಗುಣ ಒಂದರಲ್ಲೂ ಇಲ್ಲ ಎಂದು ಕೀರ್ತನ್ ತಿಳಿಸಿದ. ಸುಗುಣ ಬೆಳಗಿನ ಓಟಕ್ಕೆ ಬರುವುದನ್ನೇ ನಿಲ್ಲಿಸಿದ್ದಳು. ಗುಂಪಿನ ವಾಟ್ಸ್ಆ್ಯಪಿನಲ್ಲಿ ಯಾರೋ ಹೆಸರು ಹೇಳದೆ 'ಆಟೋದಲ್ಲೂ ಮ್ಯಾರಥಾನ್ ಉಂಟಾ' ಎಂದು ಕೇಳಿದಾಗ ಅದನ್ನು ನೋಡಿಯೂ ಉತ್ತರಿಸಲಿಲ್ಲ. ತಪ್ಪು ಮಾಡದವರು ಸುಮ್ಮನಿರುತ್ತಾರೆಯೇ?

ಸಂಘಟಕರಿಗೆ ದೂರು ಕೊಡುವುದೆಂದು ಕೀರ್ತನ್ ನಿರ್ಧರಿಸಿದ. "ನೀವ್ ಒಂದ್ ಮಾತ್ ಹೇಳ್ರೆ ಸಾಕ್ ಅಕ್ಕ. ಆ ಮೂರನೇ ಪ್ರೈಜ್ ನಿಮ್ದೇ," ಎಂದು ಫೋನಿನಲ್ಲಿ ಹೇಳಿದ. ಆ ಮಾತು ಕೇಳಿ ಹಿತವೆನಿಸಿದ್ದು ಸ್ನೇಹಲತಾಗೇ ಮುಜುಗರ ತಂದಿತು. ಮೊದಲು ಸುಗುಣಳ ಬಾಯಿಂದಲೇ ಕೇಳುತ್ತೇನೆ ಎಂದಳು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಅವಳು ಕೋಟೇಶ್ವರಕ್ಕೆ ಹೋದಳು. ಅಂಗಡಿಯ ಮುಂದೆ ಮಂಜ ಆಟೋದಿಂದ ಅಕ್ಕಿ ಚೀಲ ಇಳಿಸುತ್ತಿದ್ದ. "ಬನ್ನಿ ಅಕ್ಕ," ಎಂದು ನಕ್ಕ. ಆ ನಗುವನ್ನೂ ಅವಳು ಅನುಮಾನದಿಂದಲೇ ನೋಡಿದಳು. ಒಳಗೆ ಸುಗುಣ ತೊಗರಿಬೇಳೆ ಕಟ್ಟುತ್ತಿದ್ದಳು.

"ಗ್ರೂಪಿನಂಗೆ ಎಂತೆಂತದೋ ಹೇಳ್ತಿದ್ರ್," ಎಂದಳು ಸ್ನೇಹಲತಾ. "ನೀ ಒಂದ್ ಮಾತ್ ಹೇಳ್ರೆ ಮುಗಿತ್ತ್."

"ಎಂತ ಹೇಳ್ಕ್?"

"ಮಂಜ ಅಲ್ಲಿ ಯಾಕ್ ಬಂದಿದ್ದ?"

"ನಂಗೆ ಚಪ್ಲಿ ತಕಂಡ್ ಬಂದದ್ದ್. ಓಟ ನೋಡ್ತ ನೋಡ್ತ ಬೀಜಾಡಿಗೆ ಬಂದ. ಅದೂ ತಪ್ಪಾ?"

"ಹಾಂಗಾರೆ ನೀ ನನ್ನ ಎಲ್ಲಿ ದಾಟಿದ್ದ್? ಅದೊಂದ್ ಹೇಳ್."

ಸುಗುಣ ಪೊಟ್ಟಣಕ್ಕೆ ನೂಲು ಸುತ್ತಿ ಗಂಟು ಹಾಕಿದಳು. ಆಮೇಲೆ ತಲೆ ಎತ್ತಿದಳು.

"ಎಲ್ಲೂ ನಿಲ್ಲಲಿಲ್ಲ ಅಂದೆ ಅಂಬ್ರ್ ನೀನ್. ಹಂಗ್ಳೂರಂಗೆ ಬೊಂಡದ ಗೂಡಂಗ್ಡಿ ಹಿಂದೆ, ಕಂಬ ಹಿಡ್ಕಂಡ್ ಕೂತದ್ದ್ ಯಾರ್ ಹಾಂಗಾರೆ?"

ಸ್ನೇಹಲತಾಳ ಮುಖ ಬಿಸಿಯೇರಿತು. ಯಾರಿಗೂ ಗೊತ್ತಿಲ್ಲ ಎಂದುಕೊಂಡದ್ದು ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು. ವಾರವಿಡೀ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಸ್ನೇಹಲತಾಗೆ ಆ ಕಂಬ ನೆನಪಾಯಿತು. ಎದ್ದರೆ ತಲೆ ತಿರುಗುತ್ತಿತ್ತು, ಮತ್ತೆ ಮತ್ತೆ ಕೂತಿದ್ದಳು. ಒಂದು ನಿಮಿಷವಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಇನ್ನೊಂದು ಮಾತು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ನನ್ನ ಕಂಡ್ಯಾ ನೀನ್?"

"ಕಂಡೆ."

"ಕಂಡೂ ಹೋದ್ಯಾ?"

ಸುಗುಣ ತಕ್ಕಡಿಯ ತಟ್ಟೆಯನ್ನು ಅಂಗೈಯಿಂದ ಒರೆಸಿದಳು. "ಹೆಮ್ಮಾಡಿಯಂಗೆ ಮಂಡಿಗೆ ಸ್ಪ್ರೇ ಹೊಡ್ದ್ರ್. ತಲ್ಲೂರ್ ದಾಟ್ತಿದ್ದಾಂಗೆ ನೋವ್ ಕಮ್ಮಿ ಆಯ್ತ್. ನಿನ್ನ ಹಿಡುಕೆ ಅಂದೇ ಜೋರ್ ಓಡಿದ್ದ್. ಅಲ್ಲಿ ನೀ ಕೂತದ್ದ್ ಕಂಡ್ ಕರುಕೆ ಅಂದ್ ಬಾಯಿ ತೆರ್ದೆ. ಅಷ್ಟೊತ್ತಿಗೆ ರಸ್ತೆ ಬದಿಯಂಗ್ ನಿಂತವ್ರ್ ಯಾರೋ, ಇಬ್ರೇ ಹೆಂಗ್ಸ್ರ್ ಮುಂದೆ ಹೋದದ್ದ್, ಓಡಿ ಓಡಿ ಅಂದ್ ಕೂಗಿದ್ರ್." ಅವಳು ನೂಲಿನ ಉಂಡೆಯನ್ನು ಬದಿಗಿಟ್ಟಳು. "ಶಾಲಿಗ್ ಹೋಪಾಗ್ಳೂ ನಂಗೆ ಯಾವ್ದ್ರಂಗೂ ಪ್ರೈಜ್ ಬರ್ಲಿಲ್ಲ, ಸ್ನೇಹಾ. ನೀ ತಲೆ ಎತ್ತಿ ಬಾಯಿ ಒರ್ಸದ್ ಕಂಡೆ. ಸಾಯುದಿಲ್ಲ ಅಂದ್ ಗೊತ್ತಾಯ್ತ್. ಹೋದೆ."

ಹೊರಗೆ ಮಂಜ ಕೊನೆಯ ಚೀಲವನ್ನು ಧೊಪ್ಪನೆ ಇಳಿಸಿದ.

"ಮತ್ತೆ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ? ಎಲ್ರೂ ಕಳ್ಳಿ ಅಂದ್ರೂ?"

"ಎಂತ ಹೇಳುದ್? ನೀ ಎಲ್ರೆದುರು ನಿಲ್ಲಲಿಲ್ಲ ಅಂದಾಯ್ತ್. ನಿನ್ನ ಮಾತ್ ಸುಳ್ಳ್ ಅನ್ಕಾ? ದೋಸ್ತಿ ವಾಂತಿ ಮಾಡ್ತ ಇದ್ಲ್, ನಾ ಬಿಟ್ಟಿಕ್ ಓಡಿದೆ ಅನ್ಕಾ? ಅದ್ಕಿಂತ ಆಟೋದಂಗೆ ಬಂದೆ ಅಂದ್ರೇ ಅಡ್ಡಿಲ್ಲ ಅನ್ಸಿತ್."

ಸ್ನೇಹಲತಾ ಹೊರಟಳು. ಸ್ಕೂಟರಿನಲ್ಲಿ ಕುಂದಾಪುರದ ಕಡೆ ಬರುತ್ತ ಸುಗುಣಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ಬಂತು. ಆದರೆ ಅದು ತನ್ನ ಮೇಲೂ ತಿರುಗಿತು. ಮೇಜಿನ ಮುಂದೆ ಹೇಳಿದ ಒಂದು ಸಣ್ಣ ಸುಳ್ಳನ್ನು ಕಾಪಾಡಲು ಒಬ್ಬ ಹೆಂಗಸಿನ ಮಾನ ಹೋಗುವುದನ್ನು ಅವಳು ಸುಮ್ಮನೆ ನೋಡುತ್ತ ಕೂತಿದ್ದಳು. ಸುಗುಣಳ ಜಾಗದಲ್ಲಿ ತಾನಿದ್ದಿದ್ದರೆ ಹಂಗಳೂರಿನಲ್ಲಿ ನಿಲ್ಲುತ್ತಿದ್ದೆನೇ? ಹೌದೆಂದು ಹೇಳಿಕೊಳ್ಳಲು ಧೈರ್ಯ ಬರಲಿಲ್ಲ.

ಭಾನುವಾರ ಗುಂಪು ಮತ್ತೆ ಹೋಟೆಲಿನಲ್ಲಿ ಸೇರಿತು. ತಿಂಡಿ ಬರುವ ಮೊದಲೇ ಅವಳು ಹೇಳಿದಳು. "ನಾ ಹಂಗ್ಳೂರಂಗೆ ನಿಂತಿದ್ದೆ. ವಾಂತಿ ಆಯ್ತ್. ಸುಮಾರ್ ಹೊತ್ತ್ ಕೂತಿದ್ದೆ. ಆಗ್ಳೇ ಸುಗುಣ ದಾಟಿದ್ದ್. ಅವ್ಳ್ ಪೂರಾ ಓಡಿದ್ಲ್."

ಸುಗುಣ ತನ್ನನ್ನು ನೋಡಿದ್ದಳೆಂಬುದನ್ನು ಮಾತ್ರ ಹೇಳಲಿಲ್ಲ.

"ಅವತ್ತ್ ನಿಲ್ಲಲಿಲ್ಲ ಅಂದ್ರಿ," ಎಂದ ಕೀರ್ತನ್.

"ನಾಚ್ಕಿ ಆಯ್ತ್. ಸುಳ್ಳ್ ಹೇಳ್ದೆ."

"ಅವತ್ತಿಂದ್ ಸುಳ್ಳಾ, ಇವತ್ತಿಂದಾ?" ಕೀರ್ತನ್ ನಗುತ್ತಲೇ ಕೇಳಿದ. ಆದರೆ ಅವನ ಕಣ್ಣು ನಗುತ್ತಿರಲಿಲ್ಲ. "ನೀವ್ ಮೊನ್ನೆ ಅವ್ರ ಅಂಗ್ಡಿಗ್ ಹೋಯಿದ್ರಿ ಅಂಬ್ರ್."

ಚಂದಯ್ಯ ಮಾಸ್ಟ್ರು ಮೇಜು ತಟ್ಟಿದರು. "ಹ್ವಾಯ್, ಸಾಕ್. ದೂರ್ ಗೀರ್ ಎಂತದೂ ಇಲ್ಲ." ದೂರು ಅಲ್ಲಿಗೇ ನಿಂತಿತು. ಮಾತು ನಿಲ್ಲಲಿಲ್ಲ. ಇಬ್ಬರೂ ಸೇರಿ ರಾಜಿ ಮಾಡಿಕೊಂಡಿದ್ದಾರೆ ಎಂದು ಕೆಲವರು ಆಡಿಕೊಂಡರು. ಸ್ನೇಹಲತಾ ಬಂದಾಗ ಹೋಟೆಲಿನ ಮೇಜಿನ ಸುತ್ತ ಮಾತು ತಟ್ಟನೆ ಬದಲಾಗುತ್ತಿತ್ತು. ಸುಗುಣ ಆ ಒಂದು ವಾರ ಏನು ಅನುಭವಿಸಿದ್ದಳೆಂದು ಅವಳಿಗೆ ಆಗ ತಿಳಿಯಿತು.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಸುಗುಣ ಬೀಜಾಡಿಯ ಮರಳಿನ ಮೇಲೆ ಕಾಯುತ್ತ ನಿಂತಿದ್ದಳು. ಇಬ್ಬರೂ ತೀರದುದ್ದಕ್ಕೂ ಕೋಡಿ ಊರಿನ ಕಡೆ ಓಡತೊಡಗಿದರು.

"ಇನ್ನೊಂದ್ ಸಲ ಹಾಂಗಾರೆ ನಾ ನಿಲ್ತೆ, ಸ್ನೇಹಾ," ಎಂದಳು ಸುಗುಣ ಏದುಸಿರಿನ ನಡುವೆ.

"ಹಾಂಗೆಲ್ಲ ಹೇಳ್ಬೇಡ. ನಾ ನಂಬುದಿಲ್ಲ."

ಸುಗುಣ ನಕ್ಕಳು. ಸ್ನೇಹಲತಾಗೂ ನಗು ಬಂತು. ಸ್ವಲ್ಪ ದೂರದಲ್ಲಿ ಸುಗುಣಳ ಬೂಟಿನ ಲೇಸು ಬಿಚ್ಚಿಕೊಂಡಿತು. ಅವಳು ಬಗ್ಗಿ ಕಟ್ಟಿಕೊಳ್ಳುವವರೆಗೆ ಸ್ನೇಹಲತಾ ಕಾದಳು. ಗೆಳತಿಯೆಂದು ಕಾದಳೋ, ಅವಳು ತನ್ನ ಕಣ್ಣಿನಿಂದ ಮರೆಯಾಗದಿರಲೆಂದು ಕಾದಳೋ, ಅವಳಿಗೇ ಗೊತ್ತಾಗಲಿಲ್ಲ. ಸುಗುಣ ಎದ್ದಳು. ಇಬ್ಬರೂ ಮತ್ತೆ ಹೆಜ್ಜೆ ಹಾಕಿದರು.