ಕಣ್ಣಿಗೆ ಗೊತ್ತಿದ್ದದ್ದು

ಟೆಪೋರಾ ಬೋಗುಣಿಯಲ್ಲಿ ಪುಡಿ ಉಪ್ಪು ಹಾಕಿ ಮುತ್ತುಗಳನ್ನು ಉಜ್ಜುತ್ತಿದ್ದಳು. ಅಂಗೈ ಉರಿಯುತ್ತಿತ್ತು, ಕಣ್ಣೆಲ್ಲ ಗಂಡನ ಮೇಲೆ. ಹಡಗು ಮನಿಹಿಕಿ ದ್ವೀಪದ ದಡದಾಚೆ ಬಂದು ನಿಂತಾಗಿತ್ತು. ಮಧ್ಯಾಹ್ನ ಹೊರಟರೆ ಮತ್ತೆ ಬರುವುದು ಎರಡು ತಿಂಗಳಿಗೆ.

ಯೊವಾನೆ ಮುಳುಗು ಹಾಕಿ ಚಿಪ್ಪು ತರುತ್ತಿದ್ದವನು. ಒಮ್ಮೆ ಆಳದಿಂದ ಅವಸರದಲ್ಲಿ ಮೇಲೆ ಬಂದ, ಮಿದುಳಿಗೆ ಪೆಟ್ಟಾಯಿತು. ಅಂದಿನಿಂದ ಹಳೆಯದೆಲ್ಲ ನೆನಪಿದೆ, ಹೊಸದೊಂದೂ ನಿಲ್ಲದು. 'ಅಪ್ಪನನ್ನು ಇಲ್ಲಿಯ ಆರೈಕೆ ಮನೆಗೆ ಸೇರಿಸಲೇ?' ಎಂದು ಆಕ್ಲೆಂಡಿನಿಂದ ಮಗಳು ಇನಾ ಬರೆದು ಐದು ತಿಂಗಳಾಗಿತ್ತು. 'ಬೇಡ' ಎಂದು ಟೆಪೋರಾ ಆಗಲೇ ಬರೆದಿಟ್ಟಿದ್ದಳು, ಕಳಿಸುವ ಧೈರ್ಯ ಬಂದಿರಲಿಲ್ಲ. ತಾನು ಕೆಲಸಕ್ಕೆ ಬಂದರೆ ಅವನನ್ನು ಕಾಯುವವರು ಯಾರು?

ಮುತ್ತಿನ ಕೃಷಿಯ ಒಡತಿ ಮೆಟುವಾ, ಯೊವಾನೆಯ ಅಕ್ಕ, ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: ಮುತ್ತು ವಿಂಗಡಿಸಲು ಕಲಿತರೆ ಇಲ್ಲೇ ಹೆಂಡತಿಯ ಪಕ್ಕ ಕೂರಲಿ, ಇಲ್ಲವೆಂದರೆ ಹಡಗು ಹತ್ತಲಿ. ಮೂರು ತಿಂಗಳು ಟೆಪೋರಾ ದಿನಾ ಮೊದಲಿನಿಂದ ಕಲಿಸಿದ್ದಳು.

ಮೆಟುವಾ ತಟ್ಟೆಗೆ ಕರಿಮುತ್ತು ಸುರಿದಳು. "ಮಾಡೋ, ನೋಡೋಣ."

"ನಂಗೆಲ್ಲಿ ಬರುತ್ತೆ ಅಕ್ಕಾ? ಇದನ್ನ ಮುಟ್ಟೇ ಇಲ್ಲ ನಾನು."

"ಕೇಳಿದ್ಯೇನೇ? ಮೂರು ತಿಂಗಳು ಮರಳಿಗೆ ನೀರು ಹುಯ್ದೆ."

"ಅವರ ಬಾಯಿ ಕೇಳ್ಬೇಡಿ ಅತ್ತಿಗೆ, ಕೈ ನೋಡಿ."

ಯೊವಾನೆ ಗೊಣಗುತ್ತಲೇ ಒಂದನ್ನೆತ್ತಿ ಕಿಟಕಿಯತ್ತ ತಿರುಗಿಸಿದ. ಹಸಿರು ಹೊಳೆಯುವುದು ಇತ್ತ, ಬೂದಿ ಬಣ್ಣದ್ದು ಅತ್ತ, ದೋಷವಿದ್ದದ್ದು ಕಳಪೆಯ ಗುಂಪಿಗೆ. ಬೆರಳು ಬರಬರುತ್ತ ಚುರುಕಾಯಿತು. ಹಸಿರು ಸಾಲಿಗೆ ಹೊರಟ ದೊಡ್ಡ ಮುತ್ತೊಂದು ಅರ್ಧ ದಾರಿಯಲ್ಲಿ ನಿಂತು, ಕೊನೆಗೆ ಕಳಪೆಯ ಗುಂಪಿಗೆ ಬಿತ್ತು.

"ತಪ್ಪು!" ಮೆಟುವಾ ಅದನ್ನು ಕಸಿದುಕೊಂಡಳು. "ತಟ್ಟೇಲಿ ಎಲ್ಲಕ್ಕಿಂತ ಒಳ್ಳೇದು ಇದೇ."

ಮೆಟುವಾ ಮುತ್ತನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಕನ್ನಡಕ ಏರಿಸಿ ಮತ್ತೆ ನೋಡಿದಳು. ಒಂದು ಮಗ್ಗುಲಲ್ಲಿ ಉಸಿರು ತಾಗಿದಷ್ಟೇ ತೆಳುವಾದ ಮಬ್ಬಿತ್ತು. ಅವಳು ಅದನ್ನು ಕಳಪೆಯ ಗುಂಪಿಗೇ ಹಾಕಿದಳು.

ತಟ್ಟೆ ಖಾಲಿಯಾಯಿತು. ಯೊವಾನೆ ಹೊರಗೆ ಹೋಗಿ ಎಳನೀರು ಕುಡಿದು ಬಂದ. ಮೇಜಿನ ಮೇಲಿನ ಸಾಲುಗಳನ್ನು ಬಗ್ಗಿ ನೋಡಿದ.

"ಯಾರು ಮಾಡಿದ್ದು ಅಕ್ಕಾ? ಒಳ್ಳೇ ಕಣ್ಣು ಕಣೇ."

"ಯಾವನೋ ಸೋಮಾರಿ," ಎಂದಳು ಮೆಟುವಾ, ಮೂಗು ಒರೆಸಿಕೊಳ್ಳುತ್ತ. "ನಾಳೆಯಿಂದ ದಿನಾ ಬರ್ತಾನೆ."

ಟೆಪೋರಾ ಕೈ ತೊಳೆಯಲೂ ನಿಲ್ಲಲಿಲ್ಲ. ಮನೆಗೆ ಓಡಿ 'ಬೇಡ' ಎಂದು ಬರೆದಿಟ್ಟ ಕಾಗದ ತಂದಳು, ಲಕೋಟೆಯ ಅಂಚನ್ನು ನಾಲಿಗೆಗೆ ತಾಗಿಸಿ ಒತ್ತಿ ಅಂಟಿಸಿದಳು. ಹಡಗಿಗೆ ಹೋಗುವ ದೋಣಿ ಆಗಲೇ ದಡ ಬಿಟ್ಟಿತ್ತು. ಮೊಣಕಾಲುದ್ದ ನೀರಿಗಿಳಿದು ಕೈ ಚಾಚಿದಳು. ದೋಣಿಯವನು ಬಗ್ಗಿ ಇಸಿದುಕೊಂಡು ಟಪಾಲು ಚೀಲಕ್ಕೆ ಹಾಕಿ ಹಗ್ಗ ಬಿಗಿದ.